‘ಇದರಲ್ಲಿ ನಿಮಗೇನು ಸಿಗುತ್ತದೆ?’ ಬಾಯಲ್ಲಿ ಹೇಳಿ ಸಾಕಾಗಿದೆ, ಓದಿಕೊಳ್ಳಿ

ತಿಂಗಳಿಗೆ 38,000 ರೂಪಾಯಿ. ಪಿಎಫ್ ಹಿಡಿದ ಮೇಲೆ ಕೈಗೆ ಇನ್ನೂ ಕಡಿಮೆ. ಇಷ್ಟೇ ಬೇಕಿದ್ದವರು ಇಲ್ಲಿಗೇ ನಿಲ್ಲಿಸಬಹುದು, ನನಗೇನೂ ಬೇಜಾರಿಲ್ಲ.

ಗೊತ್ತಿಲ್ಲದವರಿಗೆ: ನಾನು ಕಲಬುರಗಿಯಲ್ಲಿ ಒಂದು ಸಣ್ಣ ಸಂಸ್ಥೆ ನಡೆಸುತ್ತೇನೆ. ಗುಳೆ ಹೋಗುವ ಮನೆಗಳ ಮಕ್ಕಳನ್ನು ಆರು ತಿಂಗಳು ಇಟ್ಟುಕೊಳ್ಳುವ ಒಂದು ಹಾಸ್ಟೆಲ್ ಇದೆ. ಚಿತ್ತಾಪುರ, ಯಾದಗಿರಿ ಕಡೆಯ ತಾಂಡಾಗಳಲ್ಲಿ ರೇಷನ್ ಕಾರ್ಡು, ಆಧಾರ್, ಕಟ್ಟಡ ಕಾರ್ಮಿಕರ ಕಾರ್ಡು ಅಂತ ಕಾಗದಪತ್ರದ ಕೆಲಸ ಇದೆ. ಬಿಹಾರ, ಒಡಿಶಾದಿಂದ ಇಲ್ಲಿಗೆ ದುಡಿಯಲು ಬಂದವರಿಗೂ ಅದೇ ಕಾಗದಪತ್ರದ ಕೆಲಸ. ಹನ್ನೊಂದು ಜನ ಇದ್ದೇವೆ. ಅದರಲ್ಲಿ ಮುಖ್ಯಸ್ಥೆ ನಾನು. ಮುಖ್ಯಸ್ಥೆ ಅಂದರೆ ಏನು ಅಂತ ಯಾರೂ ಕೇಳುವುದಿಲ್ಲ. ಎಲ್ಲರೂ ಕೇಳುವುದು ಮೇಲಿನ ಒಂದೇ ಪ್ರಶ್ನೆ.

ನೆಂಟರು ಕೇಳಿದರೆ ‘ನಿಂಗ ಇದ್ರಾಗ ಏನ್ ಸಿಗ್ತದ?’ ಅನ್ನುತ್ತಾರೆ. ಆಫೀಸುಗಳಲ್ಲಿ ‘ಫಂಡ್ ಎಲ್ಲಿಂದ ಬರ್ತದ್ರಿ ಮೇಡಂ?’ ಆಗುತ್ತದೆ. ಬೆಂಗಳೂರಿನಿಂದ ಬಂದವರು ತಲೆ ಒಂದು ಕಡೆ ವಾಲಿಸಿ ‘ನಿಮ್ಮ ಪ್ರೇರಣೆ ಏನು?’ ಅಂತಾರೆ. ಅದೂ ಇದೇ ಪ್ರಶ್ನೆ, ಇಳಕಲ್ ಸೀರೆ ಉಟ್ಟು ಬಂದಿದೆ ಅಷ್ಟೇ.

ಹೋದ ವರ್ಷ ಒಂದು ಮದುವೆಯಲ್ಲಿ ಊಟಕ್ಕೆ ಕೂತಿದ್ದೆ. ಪಕ್ಕದಲ್ಲಿ ನಮ್ಮ ದೂರದ ಸಂಬಂಧದ ಕಾಕಾ. ದಾಲ್ ಮಿಲ್‌ನಲ್ಲಿ ಪಾಲುದಾರರು. ಹುಗ್ಗಿ ಬಡಿಸುವವನು ಕೂಡ ನಿಂತು ಕೇಳುವಷ್ಟು ಜೋರಾಗಿ ‘ಅಲ್ಲವ್ವಾ, ಇದ್ರಾಗ ನಿಂಗ ಏನ್ ಸಿಗ್ತದ?’ ಅಂದರು.

‘ಪಗಾರ ಸಿಗ್ತದ ಕಾಕಾ.’

‘ಪಗಾರ?’ ಕಾಕಾ ಕೈಯಲ್ಲಿದ್ದ ತುತ್ತು ಕೆಳಗಿಟ್ಟರು. ‘ಶರಣಬಸವಪ್ಪನ ಊರಾಗ ದಾಸೋಹಕ್ಕ ಪಗಾರೇನವ್ವಾ?’

ಸುತ್ತಲಿನ ನಾಲ್ಕು ಎಲೆಯವರೂ ನಕ್ಕರು. ನನಗೆ ಸರಿಯಾದ ಉತ್ತರ ಹೊಳೆದದ್ದು ಮನೆಗೆ ಬಂದು ಹಾಸಿಗೆ ಹಾಸುವಾಗ. ಶರಣಬಸವೇಶ್ವರರು ದಾಸೋಹ ಮಾಡಿದ್ದು ಹೊಲದಲ್ಲಿ ದುಡಿದು, ಕಾಕಾ. ನನಗೆ ಹೊಲ ಇಲ್ಲ. ಬಾಡಿಗೆ ಮನೆ ಇದೆ, ಪಿಯುಸಿ ಓದುವ ಮಗ ಇದ್ದಾನೆ, ಅವನ ಟ್ಯೂಷನ್ ಫೀಸು ಇದೆ.

ಸೇವೆ ಅನ್ನುವ ಮಾತನ್ನು ನಾನು ಯಾವತ್ತೂ ಆಡಿಲ್ಲ. ಆಡುವವರು ಸನ್ಮಾನ ಮಾಡುವವರು. ಮನೆಯಲ್ಲಿ ಹದಿನಾಲ್ಕು ಶಾಲು ಇವೆ. ಕಲಬುರಗಿ ಬಿಸಿಲಿಗೆ ಶಾಲು! ಒಬ್ಬರಾದರೂ ಒಂದು ಟೇಬಲ್ ಫ್ಯಾನ್ ಕೊಟ್ಟಿದ್ದರೆ ಹಾಸ್ಟೆಲ್‌ಗೆ ಆಗುತ್ತಿತ್ತು.

ಇನ್ನು ‘ಫಾರಿನ್ ದುಡ್ಡು’ ಅನ್ನುವವರಿಗೆ. ನಮಗೆ ಬರುವುದಿಲ್ಲ. ಅದಕ್ಕೆ ಎಫ್‌ಸಿಆರ್‌ಎ ಅನುಮತಿ ಬೇಕು, ನಮ್ಮ ಹತ್ತಿರ ಇಲ್ಲ. ಇದ್ದವರಿಗೂ ಅದೇನು ಸಲೀಸಲ್ಲ. 2020ರ ತಿದ್ದುಪಡಿ ಆದ ಮೇಲೆ ಹೊರದೇಶದ ಹಣ ಮೊದಲು ದಿಲ್ಲಿಯ ಒಂದೇ ಎಸ್‌ಬಿಐ ಶಾಖೆಗೆ ಬರಬೇಕು. ಆಡಳಿತ ವೆಚ್ಚ ಶೇ. 50ರವರೆಗೆ ಇರಬಹುದು ಅಂತಿದ್ದದ್ದು ಶೇ. 20ಕ್ಕೆ ಇಳಿಯಿತು. ನಮ್ಮದು ಹೆಚ್ಚಾಗಿ ಕಂಪನಿಗಳ ಸಿಎಸ್‌ಆರ್ ಹಣ. ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2 ಇಂಥ ಕೆಲಸಕ್ಕೆ ಖರ್ಚು ಮಾಡಬೇಕು ಅಂತ ಕಾನೂನಿದೆಯಲ್ಲ, ಅದರದೊಂದು ಹನಿ. ಕೊಡುವವರಿಗೆ ಸ್ಕೂಲ್ ಬ್ಯಾಗ್ ಅಂದರೆ ಪ್ರೀತಿ. ಲೆಕ್ಕ ಬರೆಯುವ ಹುಡುಗನ ಪಗಾರ ಅಂದರೆ ಮುಖ ಸಣ್ಣದಾಗುತ್ತದೆ. ಬ್ಯಾಗಿನ ಮೇಲೆ ಲೋಗೋ ಹಾಕಬಹುದು, ಅವನ ಬೆನ್ನ ಮೇಲೆ ಹಾಕಲು ಬರುವುದಿಲ್ಲ. ಅವನು ಒಂದು ತಿಂಗಳು ರಜೆ ಹಾಕಿದರೆ ಆಡಿಟ್ ನಿಲ್ಲುತ್ತದೆ, ಆಡಿಟ್ ನಿಂತರೆ ಮುಂದಿನ ಕಂತು ನಿಲ್ಲುತ್ತದೆ, ಕಂತು ನಿಂತರೆ ಹಾಸ್ಟೆಲ್‌ನ ಒಲೆ ಆರುತ್ತದೆ. ಇದನ್ನು ನಾನು ಎಷ್ಟು ಸಲ ಪಿಪಿಟಿಯಲ್ಲಿ ತೋರಿಸಿದ್ದೇನೋ. ಕೊನೆಗೆ ಬಂದದ್ದು ಬ್ಯಾಗೇ.

ಇನ್ನೊಂದು ಪ್ರಶ್ನೆ ಇದರ ಬಾಲ ಹಿಡಿದುಕೊಂಡೇ ಬರುತ್ತದೆ. ‘ನಮ್ಮ ಮಂದಿಗಿ ಮಾಡ್ರಿ, ಹೊರಗಿನವ್ರಿಗಿ ಯಾಕ್ರಿ?’ ಹೊರಗಿನವರು ಅಂದರೆ ಬಿಹಾರದವರು. ನಮ್ಮ ಮಂದಿ ಬೇರೆ ಕಡೆ ಹೋದಾಗ ಏನಾಗುತ್ತಾರೆ ಅಂತ ಒಮ್ಮೆ ನೋಡಿ. ಚಿತ್ತಾಪುರದ ಲಂಬಾಣಿ ಹುಡುಗ ಇಲ್ಲಿ ಪರಿಶಿಷ್ಟ ಜಾತಿ. ಅದೇ ಸಮುದಾಯ ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಇವನು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಪುಣೆಯಲ್ಲಿ ಇಳಿಯುವ ಹೊತ್ತಿಗೆ ಕಿಸೆಯಲ್ಲಿರುವ ಜಾತಿ ಪ್ರಮಾಣಪತ್ರ ಅಲ್ಲಿ ಬರೀ ಕಾಗದ. ಪುಣೆಯಲ್ಲಿ ಅವನೇ ಹೊರಗಿನವ. ಅಲ್ಲಿ ಯಾರಾದರೂ ಅವನ ಕಾಗದ ಮಾಡಿಸಿಕೊಡಲಿ ಅಂತ ಬಯಸುವ ನಾವು, ಇಲ್ಲಿ ಮಿಲ್ಲಿನ ಹಿಂದೆ ತಗಡಿನ ಶೆಡ್ಡಿನಲ್ಲಿರುವ ಹುಡುಗನಿಗೆ ‘ನೀ ಯಾರು’ ಅಂದರೆ ಹೇಗೆ?

ಸರಿ, ಈಗ ನಿಜವಾದ ಮಾತಿಗೆ ಬರುತ್ತೇನೆ. ನೀವು ಕೇಳಬೇಕಾದದ್ದು ನನಗೆ ಏನು ಸಿಗುತ್ತದೆ ಅಂತಲ್ಲ. ‘ಯಾರನ್ನ ವಾಪಸ್ ಕಳಿಸಿದ್ರಿ?’ ಅಂತ ಕೇಳಿ. ಹದಿನಾರು ವರ್ಷದಲ್ಲಿ ಒಬ್ಬರೂ ಕೇಳಿಲ್ಲ.

ನಾಲ್ಕು ವರ್ಷದ ಹಿಂದಿನ ಮಾತು. ದೀಪಾವಳಿ ಮುಗಿದು ಮೂರನೇ ದಿನ. ತಾಂಡಾದ ಸೇವಾಲಾಲ್ ಗುಡಿ ಮುಂದೆ ಲಾರಿ ನಿಂತಿತ್ತು. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುವ ಲಾರಿ. ಜೋಳದ ಚೀಲ, ರೊಟ್ಟಿ ಹಂಚು, ತಾಡಪತ್ರಿ, ಬುಟ್ಟಿಯಲ್ಲಿ ಕೋಳಿ, ಎಲ್ಲ ಮೇಲೇರಿತ್ತು. ಈ ಕೆಲಸದಲ್ಲಿ ಗಂಡ-ಹೆಂಡತಿ ಜೋಡಿಗೆ ಒಂದು ಕೊಯ್ತಾ ಅನ್ನುತ್ತಾರೆ. ಮುಕಾದಮ, ಅಂದರೆ ಕೂಲಿಯವರನ್ನು ಕರೆದೊಯ್ಯುವ ಮೇಸ್ತ್ರಿ, ಮುಂಗಡ ಕೊಡುವುದೂ ಜೋಡಿ ಲೆಕ್ಕದಲ್ಲೇ, ಹೀಗಾಗಿ ಮಕ್ಕಳಿಗೋಸ್ಕರ ಹೆಂಡತಿ ಊರಲ್ಲೇ ಉಳಿಯುತ್ತೇನೆ ಅಂದರೆ ಆ ಮನೆಗೆ ಮುಂಗಡವೇ ಇಲ್ಲ. ಉಳಿದು ಉದ್ಯೋಗ ಖಾತ್ರಿ ಕೆಲಸ ಮಾಡಬಾರದಾ ಅಂತ ಕೇಳುವವರಿದ್ದಾರೆ. 2024–25ರಲ್ಲೂ ಅದರ ಕೂಲಿ ದಿನಕ್ಕೆ 349 ರೂಪಾಯಿ ಇತ್ತು, ಅದೂ ವರ್ಷಕ್ಕೆ 100 ದಿನ. ಮುಕಾದಮ ಕೊಡುವುದು ಒಂದೇ ಗಂಟು, ಮೊದಲೇ, ಸಾಲದವನು ಬಾಗಿಲಲ್ಲಿ ನಿಂತಾಗ.

ಒಬ್ಬಳು ತಾಯಿ ಎರಡು ಹೆಣ್ಣುಮಕ್ಕಳನ್ನು ಕರೆದುಕೊಂಡು ಬಂದಳು. ಒಂದು ಹತ್ತು ವರ್ಷದ್ದು, ಒಂದು ಏಳರದ್ದು. ಸೊಂಟದ ಮೇಲೆ ಕೂಸು ಬೇರೆ. ‘ಇಬ್ಬರ್ನೂ ಇಟ್ಕೋರಿ ಅಕ್ಕಾರ.’

ಹಾಸ್ಟೆಲ್‌ನಲ್ಲಿ 50 ಜಾಗ. ನಲವತ್ತೊಂಬತ್ತು ತುಂಬಿತ್ತು. ಅದರ ಹಿಂದಿನ ವರ್ಷ ಕರಗಿ, ಕರಗಿ, ಅರವತ್ತೊಂದು ಮಕ್ಕಳನ್ನು ತುಂಬಿಕೊಂಡಿದ್ದೆ. ಎರಡು ಪಾಯಖಾನೆ. ಡಿಸೆಂಬರ್‌ನಲ್ಲಿ ಅಮ್ಮ ಬಂತು, ಇಪ್ಪತ್ತು ಮಕ್ಕಳಿಗೆ ಮೈತುಂಬ ಗುಳ್ಳೆ, ಅಪ್ಪ-ಅವ್ವ ಇನ್ನೂರು ಮುನ್ನೂರು ಕಿಲೋಮೀಟರ್ ದೂರ. ಆಗ ನಾನೇ ಕೂತು ನಿಯಮ ಬರೆದೆ: ಐವತ್ತರ ಮೇಲೆ ಒಂದೂ ಇಲ್ಲ.

‘ಒಬ್ಬಳನ್ನೇ’ ಅಂದೆ.

‘ಯಾರ್ನ ಅಂತ ನೀವೇ ಹೇಳ್ರಿ.’

ದೊಡ್ಡವಳನ್ನು ಅಂದೆ. ಐದನೇ ತರಗತಿ, ಈಗ ಬಿಟ್ಟರೆ ಮತ್ತೆ ಶಾಲೆಗೆ ಬರುವುದಿಲ್ಲ ಅನ್ನುವುದು ನನ್ನ ಲೆಕ್ಕ. ತಾಯಿ ಕೂಸನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಿಸಿ ‘ಮತ್ತ ಇದಕ್ಕ ಯಾರ್ ಹಿಡೀಬೇಕ್ರಿ?’ ಅಂದಳು. ಅದಕ್ಕೆ ನನ್ನ ಹತ್ತಿರ ನಿಯಮ ಇರಲಿಲ್ಲ. ನಾವಿಬ್ಬರೂ ಮಾತಾಡುತ್ತಿರುವಾಗಲೇ ದೊಡ್ಡವಳು ತನ್ನ ಬ್ಯಾಗನ್ನು ತಂಗಿಗೆ ಕೊಟ್ಟು ಲಾರಿ ಹತ್ತಿದಳು. ಲೋಗೋ ಇದ್ದ ಬ್ಯಾಗು.

ನಮ್ಮ ವಾರ್ಡನ್ ಅದೇ ತಾಂಡಾದ ಹುಡುಗಿ, ಆಗಷ್ಟೇ ಕೆಲಸಕ್ಕೆ ಸೇರಿದ್ದಳು. ‘ನನ್ ಚಾಪಿ ಮ್ಯಾಲೇ ಮಲಗಿಸ್ಕೋತೀನ್ರಿ ಅಕ್ಕಾರ, ಒಂದ್ ಕೂಸು ಜಾಸ್ತಿ ಆದ್ರ ಏನಾಯ್ತು’ ಅಂದಳು. ಇಲ್ಲ ಅಂದೆ. ಎಂಟು ದಿನ ಅವಳು ನನ್ನ ಜೊತೆ ಮಾತು ಬಿಟ್ಟಿದ್ದಳು. ನಾನು ತಪ್ಪು ಮಾಡಿದೆನಾ? ಆ ವರ್ಷ ಯಾವ ಮಗುವಿಗೂ ಕಾಯಿಲೆ ಬರಲಿಲ್ಲ, ಇದು ನಿಜ. ಯುಗಾದಿಗೆ ಊರಿಗೆ ಬಂದ ದೊಡ್ಡವಳು ಮುಂದಿನ ವರ್ಷ ಜಾಗ ಇದ್ದರೂ ಬರಲಿಲ್ಲ, ಇದೂ ನಿಜ. ಕರೆಯಲು ಹೋದಾಗ ‘ನಂಗ ಈಗ ಮರಾಠಿ ಬರ್ತದ, ಹಿಂದಿ ಬರ್ತದ, ನಿಮ್ ಸಾಲ್ಯಾಗ ಎರಡೂ ಕಲಸಂಗಿಲ್ಲ’ ಅಂದಳು. ಜಂಬದಿಂದಲೇ ಅಂದಳು.

ಮಕ್ಕಳ ಜೊತೆ ಕೂತು ಹಾಡು ಹೇಳುವುದು, ಬ್ಯಾಗು ಹಂಚುವುದು, ಫೋಟೊ ತೆಗೆಸಿಕೊಳ್ಳುವುದು ಇದ್ದರೆ ನಾನೂ ಪುಕ್ಕಟೆ ಮಾಡಬಲ್ಲೆ, ಯಾರು ಬೇಕಾದರೂ ಮಾಡುತ್ತಾರೆ. ನಾನು ಪಗಾರ ತಗೊಳ್ಳುವುದು ಲಾರಿ ಮುಂದೆ ನಿಂತು ‘ಒಬ್ಬಳನ್ನೇ’ ಅನ್ನುವುದಕ್ಕೆ, ಅಂದು ಮನೆಗೆ ಬಂದು ಅನ್ನ ಉಣ್ಣುವುದಕ್ಕೆ. 38,000 ಕಡಿಮೆಯಾಯಿತು ಅಂತ ಒಮ್ಮೊಮ್ಮೆ ಅನಿಸುತ್ತದೆ.

ಈಗ ಆ ವಾರ್ಡನ್ನೇ ಪಟ್ಟಿ ಮಾಡುತ್ತಾಳೆ. ಎರಡು ವರ್ಷದಿಂದ ನಾನು ಕೈ ಹಾಕಿಲ್ಲ. ಯಾವ ಮನೆಯಲ್ಲಿ ಅಜ್ಜಿ ಇದ್ದಾಳೆ, ಯಾವ ಮನೆಯವರು ಇಲ್ಲ ಅಂತ ಸುಳ್ಳು ಹೇಳುತ್ತಾರೆ, ಯಾವ ಹುಡುಗಿಯನ್ನು ಬಿಟ್ಟರೆ ಮುಂದಿನ ವರ್ಷ ಮದುವೆ ಮಾಡುತ್ತಾರೆ, ಎಲ್ಲ ಅವಳಿಗೆ ಗೊತ್ತು. ನನಗೆ ಹದಿನಾರು ವರ್ಷದಲ್ಲಿ ಗೊತ್ತಾಗದ್ದು ಅವಳಿಗೆ ಹುಟ್ಟಿದಾಗಿನಿಂದ ಗೊತ್ತು. ‘ಇಲ್ಲ’ ಅನ್ನುವುದನ್ನೂ ನನಗಿಂತ ಚೆನ್ನಾಗಿ ಅನ್ನುತ್ತಾಳೆ, ಅದು ಸ್ವಲ್ಪ ಹೊಟ್ಟೆಕಿಚ್ಚಿನ ವಿಷಯ, ಇರಲಿ.

ಹೋದ ವಾರ ಕಾಕಾ ಫೋನ್ ಮಾಡಿದರು. ಅದೇ ಹುಗ್ಗಿ ಕಾಕಾ. ದನಿ ಬಹಳ ಮೆತ್ತಗಿತ್ತು. ಮಿಲ್‌ನಲ್ಲಿ ಬಿಹಾರದವನೊಬ್ಬನ ಎರಡು ಬೆರಳು ಮಷಿನ್‌ಗೆ ಸಿಕ್ಕು ಹೋಗಿವೆ. ಹತ್ತು ಜನ ಇದ್ದ ಕಡೆ ಇಎಸ್‌ಐ, ಅಂದರೆ ಕಾರ್ಮಿಕರ ವಿಮೆ ಬರುತ್ತದೆ, ಕಾಕಾನ ಹಾಜರಿ ಪುಸ್ತಕದಲ್ಲಿ ಯಾವಾಗಲೂ ಒಂಬತ್ತೇ ಜನ. ಸೇಡಂ ರಸ್ತೆಯಲ್ಲಿ ಅಷ್ಟು ದೊಡ್ಡ ಇಎಸ್‌ಐ ಆಸ್ಪತ್ರೆ ಇದೆ, ಇವನ ಹತ್ತಿರ ಕಾರ್ಡಿಲ್ಲ. ‘ಪಾಪ ಅನಸ್ತದವ್ವಾ. ಅವನ ಮಗಗ ನಿಮ್ ಹಾಸ್ಟೆಲ್‌ನಾಗ ಒಂದ್ ಸೀಟ್ ಕೊಟ್ಟುಬಿಡು’ ಅಂದರು. ನನಗೂ ಪಾಪ ಅನಿಸಿತು. ನೋಡ್ತೀನಿ ಕಾಕಾ ಅಂದೆ.

ವಾರ್ಡನ್‌ಗೆ ಹೇಳಿದೆ. ಅವಳು ರಿಜಿಸ್ಟರ್‌ನಿಂದ ತಲೆ ಎತ್ತಲಿಲ್ಲ. ‘ಅಪ್ಪ-ಅವ್ವ ಇಲ್ಲೇ ಅದಾರಲ್ರಿ, ಹಾಸ್ಟೆಲ್ ಯಾಕ? ಹತ್ತರದ್ ಸಾಲಿಗಿ ಹಾಕ್ರಿ. ಮತ್ತ ಬೆರಳ ಹೋಗಿದ್ದಕ್ಕ ಪರಿಹಾರ ಕೊಡ್ಬೇಕ್ರಿ, ನಮ್ ಸೀಟ್ ಯಾಕ್ ಕೊಡ್ಬೇಕು?’

ಸರಿ ಇತ್ತು. ಕೆಲಸದಲ್ಲಿ ಗಾಯವಾದರೆ ಮಾಲೀಕ ಪರಿಹಾರ ಕೊಡಬೇಕು ಅನ್ನುವುದು 1923ರ ಕಾಯ್ದೆಯ ಕಾಲದಿಂದ ಇದೆ. ಇಎಸ್‌ಐ ಇಲ್ಲದಿದ್ದರೆ ಆ ಭಾರ ಮಾಲೀಕನ ತಲೆಯ ಮೇಲೇ. ಇದು ನನಗೆ ಗೊತ್ತಿತ್ತು. ಕಾಕಾ ಅಂತ ಮರೆತಿದ್ದೆ.

ಕಾಕಾಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ‘ಅಲ್ಲವ್ವಾ, ಅಲ್ಲಿ ಮುಖ್ಯಸ್ಥಿ ನೀನೋ, ಆಕಿನೋ?’ ಅಂದರು.

ಮೊದಲ ಸಲ ಕಾಕಾ ಬೇರೆ ಪ್ರಶ್ನೆ ಕೇಳಿದರು. ಬುಧವಾರ ನಾವಿಬ್ಬರೂ ಪರಿಹಾರದ ಅರ್ಜಿ ಹಿಡಿದು ಮಿಲ್‌ಗೆ ಹೋಗುತ್ತಿದ್ದೇವೆ, ಮಾತಾಡುವವಳು ಅವಳು. ಮುಂದಿನ ಮದುವೆಗೆ ನನಗೆ ಕರೆ ಬರುವುದು ಅನುಮಾನ.