ಮೈಸೂರಿನಿಂದ ಚೆನ್ನೈ: ದೂರದ ಲೆಕ್ಕ, ಹೊತ್ತಿನ ಲೆಕ್ಕ

ಮೈಸೂರಿಗೂ ಚೆನ್ನೈಗೂ ನಡುವೆ ಎಷ್ಟು ದೂರ ಎಂದು ಕೇಳಿದರೆ, ಯಾವುದರಲ್ಲಿ ಹೋಗುತ್ತೀರಿ ಎಂದು ಮರಳಿ ಕೇಳಬೇಕಾಗುತ್ತದೆ. ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಿಂದ ಚೆನ್ನೈನ ವಿಮಾನ ನಿಲ್ದಾಣವಿರುವ ಮೀನಂಬಾಕ್ಕಂಗೆ ನೇರವಾಗಿ ಗೆರೆ ಎಳೆದರೆ ಸುಮಾರು 390 ಕಿಲೋಮೀಟರ್. ರೈಲಿನಲ್ಲಾದರೆ ಸುಮಾರು 500. ನಡುವಿನ ವ್ಯತ್ಯಾಸಕ್ಕೆ ಬೆಂಗಳೂರೇ ಕಾರಣ. ನೇರ ಗೆರೆ ಕೃಷ್ಣಗಿರಿ, ಕಾಂಚೀಪುರಗಳ ಆಸುಪಾಸಿನಲ್ಲಿ ಹಾದುಹೋಗುತ್ತದೆ. ರೈಲಾದರೋ ಮಂಡ್ಯ, ರಾಮನಗರ ದಾಟಿ ಈಶಾನ್ಯದ ಬೆಂಗಳೂರಿನವರೆಗೆ ಏರಿ, ಬಂಗಾರಪೇಟೆಯ ಮೇಲೆ ಜೋಲಾರಪೇಟೆಗೆ ಇಳಿದು, ಅಲ್ಲಿಂದ ಮತ್ತೆ ಕಾಟ್ಪಾಡಿಯ ಕಡೆಗೆ ತಿರುಗಬೇಕು.

ಅಂತರ್ಜಾಲದಲ್ಲಿ ದೂರ ಲೆಕ್ಕ ಹಾಕುವ ತಾಣಗಳು ಸಾಮಾನ್ಯವಾಗಿ ನೇರ ದೂರವನ್ನು ಜೆಟ್ ವಿಮಾನದ ವೇಗದಿಂದ ಭಾಗಿಸಿ, ಏರಿಳಿತಕ್ಕೆಂದು ಅರ್ಧ ಗಂಟೆ ಸೇರಿಸಿ, ಒಂದು ಗಂಟೆ ಎಂದು ಹೇಳಿಬಿಡುತ್ತವೆ. ಆದರೆ ಮಂಡಕಳ್ಳಿಯ ರನ್‌ವೇ 1,740 ಮೀಟರ್ ಮಾತ್ರ ಇರುವುದರಿಂದ ಇಲ್ಲಿಗೆ ಬರುವುದು ಎಟಿಆರ್ 72ರಂತಹ, ಗಂಟೆಗೆ ಸುಮಾರು 500 ಕಿಲೋಮೀಟರ್ ವೇಗದ ಪ್ರೊಪೆಲ್ಲರ್ ವಿಮಾನ. ವೇಳಾಪಟ್ಟಿಯ ಸಮಯವಾದರೂ ಆಕಾಶದಲ್ಲಿರುವ ಹೊತ್ತು ಮಾತ್ರವಲ್ಲ. ನಿಂತ ಜಾಗದಿಂದ ಕದಲಿ ಇನ್ನೊಂದು ಊರಿನಲ್ಲಿ ನಿಲ್ಲುವವರೆಗಿನ ಒಟ್ಟು ಹೊತ್ತು. ಹಾಗಾಗಿ ಒಂದೂಕಾಲು ಗಂಟೆಗಿಂತ ತುಸು ಹೆಚ್ಚೇ ಹಿಡಿಯುತ್ತದೆ. ಹಿಂಬಾಗಿಲಿನಿಂದ ಹತ್ತುವ ಈ ವಿಮಾನದ ರೆಕ್ಕೆ ಕಿಟಕಿಗಿಂತ ಮೇಲಿರುವುದರಿಂದ, ಮೋಡವಿಲ್ಲದ ದಿನ ಕೆಳಗಿನ ಕೆರೆ, ಗದ್ದೆ, ಗುಡ್ಡಗಳೆಲ್ಲ ಕಣ್ಣಿಗೆ ಬೀಳುತ್ತವೆ ಎಂಬುದು ನನ್ನ ಮಟ್ಟಿಗೆ ಅದರ ನಿಜವಾದ ಲಾಭ.

ಸಮಯದ ಲಾಭ ಅಷ್ಟೊಂದಿಲ್ಲ. 2022ರ ನವೆಂಬರಿನಲ್ಲಿ ಆರಂಭವಾದ ವಂದೇ ಭಾರತ್ ರೈಲು ಮೈಸೂರಿನಿಂದ ಚೆನ್ನೈಗೆ ಸುಮಾರು ಆರೂವರೆ ಗಂಟೆ ತೆಗೆದುಕೊಳ್ಳುತ್ತದೆ. ವಿಮಾನಕ್ಕೆ ಒಂದೂಕಾಲು ಗಂಟೆ ಎಂದು ಅದರ ಪಕ್ಕದಲ್ಲಿಟ್ಟು ನೋಡಿದರೆ ಐದು ಗಂಟೆ ಉಳಿದಂತೆ ಕಾಣುತ್ತದೆ. ಆದರೆ ನಂಜನಗೂಡು ರಸ್ತೆಯಲ್ಲಿ ಮಂಡಕಳ್ಳಿಯವರೆಗೆ ಹೋಗಿ, ಒಂದೂವರೆ ಗಂಟೆ ಮುಂಚೆ ಸೇರಿ, ತಪಾಸಣೆ ಮುಗಿಸಿ, ಚೆನ್ನೈನಲ್ಲಿ ಇಳಿದು ಲಗೇಜಿಗೆ ಕಾದು, ಮೀನಂಬಾಕ್ಕಂನಿಂದ ಮೆಟ್ರೋ ಹಿಡಿದು ಸೆಂಟ್ರಲ್ ತಲುಪುವ ಹೊತ್ತಿಗೆ ನಾಲ್ಕು ಗಂಟೆ ಮೀರಿರುತ್ತದೆ. ರೈಲು ಊರಿನ ನಡುವೆ ಹತ್ತಿಸಿಕೊಂಡು ಊರಿನ ನಡುವೆಯೇ ಇಳಿಸುತ್ತದೆ. ನಿಜವಾಗಿ ಉಳಿಯುವುದು ಎರಡು ಗಂಟೆಯ ಆಜುಬಾಜು. ಮೇಲಾಗಿ ಮೈಸೂರಿನ ವಿಮಾನ ಸಂಚಾರ ಒಮ್ಮೆ ಹೆಚ್ಚಿ ಇನ್ನೊಮ್ಮೆ ತಗ್ಗುತ್ತಲೇ ಬಂದಿರುವುದರಿಂದ, ಹೊರಡುವ ದಿನ ವಿಮಾನ ಇದೆಯೇ ಎಂಬುದನ್ನೇ ಮೊದಲು ನೋಡಬೇಕು.

ದೆಹಲಿಯ ಮಾತು ಬೇರೆ. ಬೆಂಗಳೂರಿನಿಂದ ದೆಹಲಿಗೆ ನೇರ ದೂರ ಸುಮಾರು 1,700 ಕಿಲೋಮೀಟರ್, ವಿಮಾನದಲ್ಲಿ ಮೂರು ಗಂಟೆಯೊಳಗೆ ಮುಗಿಯುತ್ತದೆ. ರಾಜಧಾನಿ ಎಕ್ಸ್‌ಪ್ರೆಸ್‌ನಲ್ಲಿ ಹೋದರೂ ಒಂದು ಹಗಲು, ಒಂದು ರಾತ್ರಿ ಮೀರುತ್ತದೆ. ಆದ್ದರಿಂದ ಮೈಸೂರಿನಿಂದ ದೇವನಹಳ್ಳಿಗೆ ನಾಲ್ಕು ಗಂಟೆ ಬಸ್ಸಿನಲ್ಲಿ ಕೂರಬೇಕಾಗಿ ಬಂದರೂ ಅಲ್ಲಿ ವಿಮಾನವೇ ಸರಿ. ಚೆನ್ನೈಗೆ ಆ ಲೆಕ್ಕ ಒಗ್ಗುವುದಿಲ್ಲ. ಬೆಳಿಗ್ಗೆಯೇ ಅಲ್ಲಿ ಕೆಲಸವಿರುವವರಿಗೆ ರಾತ್ರಿಯ ಕಾವೇರಿ ಎಕ್ಸ್‌ಪ್ರೆಸ್ ಇಂದಿಗೂ ವಿಮಾನಕ್ಕಿಂತ ಅನುಕೂಲ.