ಅಣಬೆ ಕಂಬಗಳ ಕೆಳಗೆ

ಇಂಡೊನೇಷ್ಯಾದ ಜಾವಾ ದ್ವೀಪದ ಸೆಮರಾಂಗ್‌ಗೆ ಹೋದವರೆಲ್ಲ ಮೊದಲು ಲವಾಂಗ್ ಸೇವು ನೋಡುತ್ತಾರೆ. ಹೆಸರಿನ ಅರ್ಥ ‘ಸಾವಿರ ಬಾಗಿಲು’. ಡಚ್ಚರ ಕಾಲದ ರೈಲ್ವೆ ಕಂಪನಿಯ ಕಚೇರಿ. ನಾನೂ ಹೋಗಿ ನಾಲ್ಕು ಫೋಟೊ ತೆಗೆದು, ಬೆವರು ಒರೆಸಿಕೊಂಡು ಹೊರಬಂದೆ. ಚೆನ್ನಾಗಿದೆ, ಸರಿ. ಆದರೆ ನಾನು ಜಾವಾಕ್ಕೆ ಬಂದದ್ದು ಡಚ್ ವಾಸ್ತುಶಿಲ್ಪಿ ಥಾಮಸ್ ಕಾರ್ಸ್ಟೆನ್ ಕಟ್ಟಿದ್ದನ್ನು ನೋಡಲು.

ಹುಡುಕುತ್ತಾ ಹೋಗಿ ನಿಂತದ್ದು ಪಾಸಾರ್ ಜೋಹಾರ್ ಎದುರು. ಪಾಸಾರ್ ಅಂದರೆ ಸಂತೆ, ಮಾರ್ಕೆಟ್ಟು. ಜೋಹಾರ್ ಒಂದು ಮರ, ನಮ್ಮ ಸೀಮೆ ತಂಗಡಿಯೇ! ಹಿಂದೆ ಇಲ್ಲಿದ್ದ ಆ ಮರಗಳಿಂದಲೇ ಈ ಹೆಸರು.

ಹೊರಗಿನಿಂದ ಏನೂ ಅನ್ನಿಸಲಿಲ್ಲ. ಒಳಗೆ ಕಾಲಿಟ್ಟ ಮೇಲೆ ತಲೆ ತಾನಾಗಿ ಮೇಲೆದ್ದಿತು. ಸಾಲು ಸಾಲು ಕಾಂಕ್ರೀಟ್ ಕಂಬ. ಪ್ರತಿ ಕಂಬವೂ ತುದಿಯಲ್ಲಿ ಅಣಬೆಯ ಹಾಗೆ ಅಗಲವಾಗಿ ಅರಳಿ ಚಾವಣಿಯನ್ನು ಹೊತ್ತಿದೆ, ನಡುವೆ ತೊಲೆಗಳೇ ಇಲ್ಲ. ಚಾವಣಿಯನ್ನು ಅಲ್ಲಲ್ಲಿ ಎತ್ತರಿಸಿ ಪಕ್ಕಕ್ಕೆ ಕಿಂಡಿ ಬಿಟ್ಟಿದ್ದಾರೆ. ಬೆಳಕು ಅಲ್ಲಿಂದ ಇಳಿಯುತ್ತದೆ, ಬಿಸಿಗಾಳಿ ಅಲ್ಲಿಂದಲೇ ಹೊರಹೋಗುತ್ತದೆ. ಹೊರಗೆ ಮಧ್ಯಾಹ್ನದ ಉರಿ, ಒಳಗೆ ಫ್ಯಾನಿಲ್ಲದೆ ನಿಲ್ಲಬಹುದಾದ ನೆರಳು. ಕಾರ್ಸ್ಟೆನ್ ಇದನ್ನು 1930ರ ದಶಕದಲ್ಲಿ ಕಟ್ಟಿದ. 2015ರ ಮೇ ತಿಂಗಳಲ್ಲಿ ದೊಡ್ಡ ಬೆಂಕಿ ಬಿದ್ದು ಒಳಗಿನ ಸರಕೆಲ್ಲ ಬೂದಿಯಾಯಿತು. ಈಗ ದುರಸ್ತಿಯಾಗಿದೆ. ನಾನು ಹೋದ ದಿನ ಎಷ್ಟೋ ಮಳಿಗೆಗಳ ಬಾಗಿಲು ಮುಚ್ಚಿತ್ತು. ಕಂಬ ಉಳಿದರೆ ಸಾಕೇ, ಗಿರಾಕಿಯೂ ವಾಪಸ್ ಬರಬೇಕಲ್ವಾ?

ಕಾರ್ಸ್ಟೆನ್ ಹುಟ್ಟಿದ್ದು 1884ರಲ್ಲಿ, ಆಮ್‌ಸ್ಟರ್‌ಡ್ಯಾಮಿನಲ್ಲಿ. ಡೆಲ್ಫ್ಟ್‌ನಲ್ಲಿ ಓದಿದ. ಗೆಳೆಯ ಹೆನ್ರಿ ಮ್ಯಾಕ್ಲೇನ್ ಪಾಂಟ್ ಕರೆದನೆಂದು 1914ರಲ್ಲಿ ಸೆಮರಾಂಗ್‌ಗೆ ಬಂದ. ಹಾಗೆ ಬಂದವರು ದುಡ್ಡು ಮಾಡಿ ಊರಿಗೆ ಮರಳುವುದು ಆಗಿನ ರೂಢಿ. ಇವನು ಜಾವಾದ ಸೂಂಬಿನಾಳನ್ನು ಮದುವೆಯಾಗಿ ಇಲ್ಲೇ ಬೇರು ಬಿಟ್ಟ.

ಸಂಜೆ ಚಂಡಿ ಗುಡ್ಡ ಹತ್ತಿದೆ. ಇಲ್ಲಿನ ಬಡಾವಣೆಯ ನಕ್ಷೆಯೂ ಅವನದೇ. ರಸ್ತೆಗಳು ಗುಡ್ಡವನ್ನು ಕಡಿಯದೆ ಅದರ ಮೈಗೆ ತಕ್ಕ ಹಾಗೆ ಬಳುಕುತ್ತವೆ. ಬಿಳಿಯರಿಗೊಂದು ಕೇರಿ, ಚೀನೀಯರಿಗೊಂದು, ಜಾವಾದವರಿಗೊಂದು ಅನ್ನುವುದು ವಸಾಹತಿನ ಪದ್ಧತಿ. ಅದು ಬೇಡ, ಆದಾಯದ ಪ್ರಕಾರ ನಿವೇಶನ ಹಂಚೋಣ ಅಂದ ಕಾರ್ಸ್ಟೆನ್. ಆ ಕಾಲಕ್ಕೆ ದೊಡ್ಡ ಮಾತೇ. ಆದರೂ ನನಗೆ ಪೂರ್ತಿ ಸಮಾಧಾನವಿಲ್ಲ. ಬಣ್ಣದ ಬೇಲಿ ಕಿತ್ತು ದುಡ್ಡಿನ ಬೇಲಿ ಹಾಕಿದ ಹಾಗಾಯ್ತು, ಅಷ್ಟೇ. ಮೇಲಿನಿಂದ ನೋಡಿದರೆ ಕೆಳಗೆ ಸಮುದ್ರದ ಬದಿಯ ತಗ್ಗು ಕೇರಿಗಳು. ಉಬ್ಬರದ ನೀರು ಈಗಲೂ ಅಲ್ಲಿ ಮನೆಯೊಳಗೆ ನುಗ್ಗುತ್ತದೆ. ‘ರೊಬ್’ ಎನ್ನುತ್ತಾರೆ ಅದನ್ನು.

ಮಾರನೇ ದಿನ ಸೊಬೊಕಾರ್ತಿ ರಂಗಮಂದಿರಕ್ಕೆ ಹೋದೆ. ಜಾವಾದ ತೆರೆದ ಕಂಬದ ಹಜಾರಕ್ಕೆ ಪೆಂಡೊಪೊ ಎಂದು ಹೆಸರು. ಅರಮನೆಯ ಆ ಹಜಾರವನ್ನೇ ಊರ ಜನಕ್ಕೆ ನಾಟಕ, ಕುಣಿತ ನೋಡುವ ಜಾಗವಾಗಿ ಮಾಡಿದ್ದಾನೆ ಕಾರ್ಸ್ಟೆನ್. ಅಂಗಳದಲ್ಲಿ ಪುಟ್ಟ ಹುಡುಗಿಯರು ಕೈಬೆರಳು ಹಿಂದಕ್ಕೆ ಬಾಗಿಸಿ ಕಲಿಯುತ್ತಿದ್ದರು. ಒಬ್ಬಳು ನನ್ನನ್ನು ನೋಡಿ ತಾಳ ತಪ್ಪಿದಳು. ನಾನೇ ಕಂಬದ ಮರೆಗೆ ಸರಿದೆ.

ಅಲ್ಲಿಂದ ಜಾವಾದ ಇನ್ನೊಂದು ಊರು ಸೋಲೊಗೆ ರೈಲು. ದಾರಿಯಲ್ಲಿ ಅವನ ಕೊನೆಯ ದಿನಗಳ ಬಗ್ಗೆ ಓದಿದೆ. 1942ರಲ್ಲಿ ಜಪಾನೀಯರು ಬಂದರು, ಡಚ್ಚರನ್ನು ಶಿಬಿರಗಳಲ್ಲಿ ಕೂಡಿಹಾಕಿದರು. ಬಾಂಡುಂಗ್ ಪಕ್ಕದ ಚಿಮಾಹಿ ಶಿಬಿರದಲ್ಲಿ 1945ರಲ್ಲಿ ಕಾರ್ಸ್ಟೆನ್ ತೀರಿಕೊಂಡ. ಪುಸ್ತಕ ಮುಚ್ಚುವಷ್ಟರಲ್ಲಿ ಸೋಲೊ ಬಾಲಾಪಾನ್ ನಿಲ್ದಾಣ ಬಂತು. ಅದರ ಹಳೇ ಕಟ್ಟಡವೂ ಅವನದೇ!

ಸೋಲೊದ ಮಾರ್ಕೆಟ್ಟು ಪಾಸಾರ್ ಗೆಡೆಯೂ ಕಾರ್ಸ್ಟೆನ್ ಕಟ್ಟಿದ್ದೇ, 1930ರದು. ಅಗಲದ ಸೂರು, ಎತ್ತರದ ಕಿಟಕಿ, ಒಳಗೆ ಮೆಣಸಿನಕಾಯಿ ಮತ್ತು ಒಣಮೀನಿನ ಘಾಟು. ಒಬ್ಬ ಅಜ್ಜಿ ಸೊಂಟದೆತ್ತರದ ಕಟ್ಟೆಗೆ ಬೆನ್ನು ಕೊಟ್ಟು ನಿಂತಳು. ಬೆನ್ನಿಗೆ ಬಟ್ಟೆಯಿಂದ ಬಿಗಿದಿದ್ದ ಬುಟ್ಟಿ ಕಟ್ಟೆಯ ಮೇಲೆ ಕೂತಿತು. ಗಂಟು ಬಿಚ್ಚಿದಳು. ಬಗ್ಗಲಿಲ್ಲ, ಯಾರನ್ನೂ ಕರೆಯಲಿಲ್ಲ.

ಪಕ್ಕದಲ್ಲೇ ದಾವೆಟ್ ಅಂಗಡಿ. ತೆಂಗಿನಹಾಲು, ಸಕ್ಕರೆ ಪಾಕ, ಕಪ್ಪು ಅಂಟಕ್ಕಿ, ಮೇಲೆ ನೆನೆಸಿದ ಕಾಮಕಸ್ತೂರಿ ಬೀಜ. ಒಂದು ಬಟ್ಟಲು ಕುಡಿದು ಸುಮ್ನೆ ಚಾವಣಿ ನೋಡುತ್ತಾ ಕೂತೆ. ಹಿಂದೆ ಗಿರಾಕಿಗಳು ಕಾಯುತ್ತಿದ್ದರು. ಅಂಗಡಿಯಾಕೆ ಕಣ್ಣಲ್ಲೇ ‘ಏಳಿ’ ಅಂದಳು. ನಾನು ಇನ್ನೊಂದು ಬಟ್ಟಲು ಹೇಳಿದೆ.