ಎರಡು ಎಲೆ, ಒಂದೇ ಎಲೆ

ಮೂರು ವಾರದಿಂದ ಕನ್ನಡಿಯ ಮುಂದೆ ಕುಳಿತು ಒಂದೇ ಕೈಚಳಕವನ್ನು ತಿದ್ದುತ್ತಿದ್ದೇನೆ. ಇಸ್ಪೀಟು ಕಟ್ಟಿನ ಮೇಲಿನ ಎರಡು ಎಲೆಗಳನ್ನು ಒಂದೇ ಎಲೆಯೆಂಬಂತೆ ಎತ್ತಿ ತೋರಿಸುವುದು. ಎರಡನೆಯ ಎಲೆಯ ಕೆಳಗೆ ಕಿರುಬೆರಳ ತುದಿಯಿಂದ ಕೂದಲೆಳೆಯಷ್ಟು ಸಂದು ಹಿಡಿದಿರಬೇಕು. ಹೇಳುವುದಕ್ಕೆ ಇಷ್ಟೇ, ಬೆರಳು ಮಾತು ಕೇಳಬೇಕಲ್ಲ!

ನಿನ್ನೆ ಅಕ್ಕನ ಮಗಳು ಆಟೀನ್ ರಾಣಿಯನ್ನು ಆರಿಸಿದಳು. ರಾಣಿಯನ್ನು ತೋರಿಸಿ, ಮತ್ತೆ ಮಗುಚಿ, ಮೇಲಿನ ಎಲೆಯನ್ನು ನಡುವೆ ತೂರಿಸಿದೆ. ಚಿಟಿಕೆ ಹೊಡೆದೆ. ರಾಣಿ ಮೇಲೆಯೇ! ಹುಡುಗಿಯ ಬಾಯಿ ತೆರೆದದ್ದು ಮುಚ್ಚಲಿಲ್ಲ.

ಅಲ್ಲಿಗೇ ನಿಲ್ಲಿಸಬೇಕಿತ್ತು. 1922ರಲ್ಲಿ ಡೈ ವೆರ್ನನ್ ಎಂಬ ಜಾದೂಗಾರ ಇದೇ ಬಗೆಯ ಆಟವನ್ನು ಮತ್ತೆ ಮತ್ತೆ ತೋರಿಸಿ ಹೂಡಿನಿಯಂಥ ಹೆಸರಾಂತ ಜಾದೂಗಾರನನ್ನೇ ಬೇಸ್ತು ಬೀಳಿಸಿದ್ದನಂತೆ. ನಾನು ವೆರ್ನನ್ ಅಲ್ಲವೆಂಬುದು ಎರಡನೆಯ ಸಲಕ್ಕೇ ತಿಳಿಯಿತು. ಬೆವತ ಹೆಬ್ಬೆರಳು ಜಾರಿತು, ಅಡಿಯ ಎಲೆಯ ಬಿಳಿ ಅಂಚು ಇಣುಕಿತು.

ನೋಡುವವರನ್ನು ನಂಬಿಸುವುದು ಪೂರ್ತಿ ನನ್ನ ಕೈಯಲ್ಲೇ ಇದೆ ಎಂದುಕೊಂಡಿದ್ದೆ. ಅವಳು ಅಂಚನ್ನು ನೋಡಿದಳು, ನನ್ನ ಮುಖ ನೋಡಿದಳು.

"ಮಾಮ, ನಾನು ಆ ಕಡೆ ನೋಡುತ್ತಿದ್ದೆ. ಇನ್ನೊಂದು ಸಲ ಮಾಡು."

ಸುಳ್ಳಿ. ನನಗಿಂತ ಕೈಚಳಕ ಅವಳಿಗೇ ಚೆನ್ನಾಗಿ ಬರುತ್ತದೆ.